ಲಂಡನ್ನಿನಿಂದ ಪ್ಯಾರಿಸ್ಸಿಗೆ ಎರಡೂಕಾಲು ಗಂಟೆ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾನು ಈ ಶಾಲೆಯ 2004ರ ಬ್ಯಾಚಿನವನು. ಮುಂದೆ ಬಿ.ಇ. ಓದಿ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. "ಮಕ್ಕಳಿಗೆ ನೀನು ಕಂಡದ್ದು ಏನಾದರೂ ಹೇಳು, ಉಪದೇಶ ಬೇಡ" ಎಂದು ಮುಖ್ಯ ಶಿಕ್ಷಕರು ಫೋನಿನಲ್ಲಿ ಹೇಳಿದ್ದಾರೆ. ಆದ್ದರಿಂದ ಒಂದು ರೈಲು ಪ್ರಯಾಣದ ಬಗ್ಗೆ ಹೇಳುತ್ತೇನೆ.

2019ರಲ್ಲಿ ಕಂಪನಿ ಕೆಲಸದ ಮೇಲೆ ಕೆಲವು ತಿಂಗಳು ಲಂಡನ್ನಿನಲ್ಲಿದ್ದೆ. ಒಂದು ಶನಿವಾರ ಯೂರೋಸ್ಟಾರ್ ಎಂಬ ರೈಲಿನಲ್ಲಿ ಪ್ಯಾರಿಸ್ಸಿಗೆ ಹೊರಟೆ. ಲಂಡನ್ ಇಂಗ್ಲೆಂಡಿನ ರಾಜಧಾನಿ, ಪ್ಯಾರಿಸ್ ಫ್ರಾನ್ಸಿನ ರಾಜಧಾನಿ. ನಡುವೆ ಸಮುದ್ರ. ದೂರ ಸುಮಾರು 490 ಕಿಲೋಮೀಟರ್. ನಮ್ಮ ಮುಂಬೈ–ಅಹಮದಾಬಾದ್ ನಡುವೆ ಈಗ ಕಟ್ಟುತ್ತಿರುವ ಬುಲೆಟ್ ರೈಲಿನ ಹಳಿಯ ಉದ್ದ 508 ಕಿಲೋಮೀಟರ್. ಹೆಚ್ಚು ಕಡಿಮೆ ಅಷ್ಟೇ ಎಂದುಕೊಳ್ಳಿ.

ರೈಲು ಹೊರಡುವುದು ಸೇಂಟ್ ಪ್ಯಾಂಕ್ರಸ್ ನಿಲ್ದಾಣದಿಂದ. 1868ರ ಕಟ್ಟಡ. ಕಬ್ಬಿಣ, ಗಾಜಿನ ಅದರ ದೊಡ್ಡ ಕಮಾನು ಚಾವಣಿಗೆ ನಡುವೆ ಒಂದೂ ಕಂಬವಿಲ್ಲ. ಇನ್ನೊಂದು ವಿಚಿತ್ರ ನೋಡಿ. ರೈಲು ಹತ್ತುವ ಮೊದಲೇ, ಲಂಡನ್ನಿನ ನೆಲದ ಮೇಲೇ, ಫ್ರಾನ್ಸಿನ ಪೊಲೀಸರು ಕುಳಿತು ಪಾಸ್‌ಪೋರ್ಟ್ ನೋಡಿ ಮುದ್ರೆ ಒತ್ತಿದರು. ಒಳಗೆ ಹೋದರೆ 16 ಬೋಗಿ, ಸುಮಾರು 400 ಮೀಟರ್ ಉದ್ದದ ರೈಲು. ಸುಮಾರು 900 ಜನ ಕೂರಬಹುದು.

ಮಕ್ಕಳೇ, ಈ ರೈಲಿನ ವೇಗ ಗಂಟೆಗೆ 300 ಕಿಲೋಮೀಟರ್. ನಿಮಿಷಕ್ಕೆ ಐದು ಕಿಲೋಮೀಟರ್. ಸೆಕೆಂಡಿಗೆ 83 ಮೀಟರ್. ನೀವು ಹೊರಗಿನ ಮೈದಾನದಲ್ಲಿ ಸುಣ್ಣದ ಗೆರೆ ಹಾಕಿ ಓಡುವ ನೂರು ಮೀಟರನ್ನು ಅದು ಒಂದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಹೊತ್ತಿನಲ್ಲಿ ದಾಟುತ್ತದೆ. ಫ್ರಾನ್ಸಿನಲ್ಲಿ ಹಳಿಯ ಪಕ್ಕದಲ್ಲೇ ಬಹುದೂರ ಒಂದು ಹೆದ್ದಾರಿ ಬರುತ್ತದೆ. ಅಲ್ಲಿ ಕಾರುಗಳಿಗೆ 130 ಕಿಲೋಮೀಟರ್ ವೇಗದ ಮಿತಿ. ಆ ಕಾರುಗಳು ಕಿಟಕಿಯಿಂದ ಹಿಂದಕ್ಕೆ ಹೋಗುತ್ತಿರುವಂತೆ ಕಂಡವು. 300ರಲ್ಲಿ 130 ಕಳೆದರೆ 170. ಸಾಪೇಕ್ಷ ವೇಗ ಎಂದು ವಿಜ್ಞಾನದ ಮೇಷ್ಟ್ರು ಬೋರ್ಡಿನ ಮೇಲೆ ಎರಡು ಬಾಣ ಬರೆದು ಹೇಳಿದ್ದು ಇದನ್ನೇ.

ಇಷ್ಟು ವೇಗ ಎಲ್ಲಿಂದ ಬರುತ್ತದೆ? ಎಂಜಿನ್ನಿನಿಂದ ಎಂದು ನೀವು ಹೇಳಬಹುದು. ಅರ್ಧ ಸರಿ. ರೈಲಿಗೆ ತಂತಿಯಿಂದ ಬರುವ ವಿದ್ಯುತ್ತು 25,000 ವೋಲ್ಟ್. ನಮ್ಮ ಭಾರತೀಯ ರೈಲ್ವೆಯ ತಂತಿಯಲ್ಲಿರುವುದೂ ಅಷ್ಟೇ. ಉಳಿದ ಅರ್ಧ ಇರುವುದು ಹಳಿಯಲ್ಲಿ. ಆ ಹಳಿಯಲ್ಲಿ ಒಂದೂ ಲೆವೆಲ್ ಕ್ರಾಸಿಂಗ್ ಇಲ್ಲ. ದನ, ಕುರಿ ಬರದಂತೆ ಎರಡೂ ಕಡೆ ಬೇಲಿ. ತಿರುವುಗಳು ಎಷ್ಟು ಅಗಲವೆಂದರೆ ಕುಳಿತವರಿಗೆ ತಿರುಗಿದ್ದೇ ಗೊತ್ತಾಗುವುದಿಲ್ಲ. ಆ ವೇಗದಲ್ಲಿ ಚಾಲಕ ಪಕ್ಕದ ಸಿಗ್ನಲ್ ದೀಪ ನೋಡಿ ಓಡಿಸಲಾರ. ಆದ್ದರಿಂದ ಎಷ್ಟು ವೇಗದಲ್ಲಿ ಹೋಗಬೇಕೆಂಬ ಸಂದೇಶ ಹಳಿಯ ಮೂಲಕವೇ ಬಂದು ಅವನ ಮುಂದಿನ ಫಲಕದಲ್ಲಿ ಮೂಡುತ್ತದೆ. ಅವನು ಮೀರಿದರೆ ಯಂತ್ರವೇ ಬ್ರೇಕ್ ಹಾಕುತ್ತದೆ. ಬ್ರೇಕ್ ಹಾಕಿದರೂ ನಿಲ್ಲಲು ಮೂರು ಕಿಲೋಮೀಟರಿಗಿಂತ ಹೆಚ್ಚು ದೂರ ಬೇಕು. ಯಾಕೆ? ಚಲನಶಕ್ತಿ ವೇಗದ ವರ್ಗದಂತೆ ಬೆಳೆಯುತ್ತದೆ. ವೇಗ ಮೂರು ಪಟ್ಟಾದರೆ ಶಕ್ತಿ ಒಂಬತ್ತು ಪಟ್ಟು. ಒಂಬತ್ತನೇ ತರಗತಿಯವರಿಗೆ ಇದು ಗೊತ್ತಿರಬೇಕು.

ಹಳಿಯ ಮಾತಿಗೆ ಒಂದು ಸಾಕ್ಷಿ ಕೊಡುತ್ತೇನೆ. ಈ ರೈಲು ಸಂಚಾರ 1994ರ ನವೆಂಬರ್‌ನಲ್ಲಿ ಆರಂಭವಾಯಿತು. ಆಗ ಪ್ರಯಾಣಕ್ಕೆ ಸುಮಾರು ಮೂರು ಗಂಟೆ ಹಿಡಿಯುತ್ತಿತ್ತು. ಫ್ರಾನ್ಸಿನವರು ಹೊಸ ಹಳಿ ಹಾಕಿ ಮುಗಿಸಿದ್ದರು. ಇಂಗ್ಲೆಂಡಿನ ಕಡೆ ಮಾತ್ರ ಊರೂರು ಸುತ್ತುವ ಹಳೆಯ ಹಳಿಯೇ ಇತ್ತು. ಅಲ್ಲಿ 300ರ ರೈಲು ಸಾಧಾರಣ ರೈಲಾಗಿ ಓಡಬೇಕಿತ್ತು. 2003ರಲ್ಲಿ ಹೊಸ ಹಳಿಯ ಮೊದಲ ಭಾಗ, 2007ರಲ್ಲಿ ಉಳಿದ ಭಾಗ ಮುಗಿಯಿತು. ಪ್ರಯಾಣದ ಹೊತ್ತು ಎರಡೂಕಾಲು ಗಂಟೆಗೆ ಇಳಿಯಿತು. 1994ರ ರೈಲುಗಳೇ ಆಗಲೂ ಓಡುತ್ತಿದ್ದವು. ಎಂಜಿನ್ ಅದೇ, ಬೋಗಿ ಅದೇ, ಹಳಿ ಮಾತ್ರ ಹೊಸದು.

ಇನ್ನು ಸಮುದ್ರದ ಕೆಳಗಿನ ಸುರಂಗ. ಉದ್ದ ಸುಮಾರು 50 ಕಿಲೋಮೀಟರ್, ಅದರಲ್ಲಿ ಸುಮಾರು 38 ಕಿಲೋಮೀಟರ್ ಸಮುದ್ರದ ತಳದ ಅಡಿಯಲ್ಲಿದೆ. ಕಿಟಕಿಯ ಹೊರಗೆ ಮೀನು ಕಾಣುತ್ತದೆಯೇ ಎಂದು ನನ್ನ ಅಮ್ಮ ಕೇಳಿದ್ದರು. ಕಾಣುವುದು ಕತ್ತಲು ಮಾತ್ರ! ಅಲ್ಲಿ ವೇಗವನ್ನು 160ಕ್ಕೆ ಇಳಿಸುತ್ತಾರೆ. ಸುಮಾರು 20 ನಿಮಿಷದಲ್ಲಿ ಇನ್ನೊಂದು ದೇಶದಲ್ಲಿ ಹೊರಬರುತ್ತೇವೆ. ಹೋಗಲು ಒಂದು, ಬರಲು ಒಂದು, ನಡುವೆ ದುರಸ್ತಿಗೂ ಅಪಾಯ ಕಾಲಕ್ಕೂ ಒಂದು, ಹೀಗೆ ಮೂರು ಕೊಳವೆಗಳಿವೆ. ಸುಣ್ಣ ಮತ್ತು ಜೇಡಿ ಬೆರೆತ ಮೆತ್ತನೆಯ ಕಲ್ಲಿನ ಪದರ ಅಲ್ಲಿದೆ. ಕೊರೆಯಲು ಸುಲಭ, ನೀರು ಜಿನುಗುವುದು ಕಡಿಮೆ. ಆ ಪದರವನ್ನೇ ಹಿಡಿದು ಎರಡೂ ದಡಗಳಿಂದ ಕೊರೆದರು. 1990ರ ಡಿಸೆಂಬರ್ 1ರಂದು ನಡುವಿನ ಕೊಳವೆಯಲ್ಲಿ ಎರಡೂ ಕಡೆಯ ಕಾರ್ಮಿಕರು ಕೈ ಕುಲುಕಿದರು. ಅಷ್ಟು ದೂರದಿಂದ ಕೊರೆದುಕೊಂಡು ಬಂದವರಿಗೆ ತಪ್ಪಿದ್ದು ಅಡ್ಡಕ್ಕೆ ಸುಮಾರು 36 ಸೆಂಟಿಮೀಟರ್. ತ್ರಿಕೋನಮಿತಿ ಯಾವ ಕೆಲಸಕ್ಕೆ ಬರುತ್ತದೆ ಎಂದು ಹತ್ತನೇ ತರಗತಿಯವರು ಕೇಳುತ್ತೀರಲ್ಲ, ಇಂಥ ಕೆಲಸಕ್ಕೆ ಬರುತ್ತದೆ.

ಇದು ಒಮ್ಮೆಗೇ ಆದದ್ದಲ್ಲ. 1880ರ ದಶಕದ ಆರಂಭದಲ್ಲಿ ಕೊರೆಯಲು ಶುರುಮಾಡಿ, ಶತ್ರು ಸೈನ್ಯ ಬಂದೀತೆಂಬ ಭಯದಿಂದ ಇಂಗ್ಲೆಂಡ್ ನಿಲ್ಲಿಸಿತು. ಮತ್ತೆ ಶುರುವಾದದ್ದನ್ನು 1975ರ ಜನವರಿಯಲ್ಲಿ ಖರ್ಚಿನ ಕಾರಣಕ್ಕೆ ಕೈಬಿಟ್ಟರು. ಅದು ನಮ್ಮ ಶಾಲೆ ಆರಂಭವಾದ ವರ್ಷ. ಕೊನೆಗೆ 1994ರ ಮೇ 6ರಂದು ರಾಣಿ ಎರಡನೇ ಎಲಿಜಬೆತ್ ಮತ್ತು ಫ್ರಾನ್ಸಿನ ಅಧ್ಯಕ್ಷ ಮಿತ್ತರಾಂ ಉದ್ಘಾಟಿಸಿದರು.

ಹಿರಿಯರೇ, ಇದುವರೆಗೆ ಹೇಳಿದ್ದು ಮಕ್ಕಳಿಗೆ. ಇನ್ನು ನಮಗೆ, ದೊಡ್ಡವರಿಗೆ.

ನಮ್ಮೂರಿನಿಂದ ತಾಲೂಕು ಕೇಂದ್ರದ ಪಿಯು ಕಾಲೇಜು 22 ಕಿಲೋಮೀಟರ್. ಬಸ್ಸು ಹತ್ತಿದರೆ ಒಂದು ಗಂಟೆ ಹಿಡಿಯುತ್ತದೆ. ಅದು ದೊಡ್ಡ ಮಾತಲ್ಲ. ಸಂಜೆ ವಾಪಸು ಬರುವ ಬಸ್ಸು ಕಾಲೇಜು ಬಿಡುವ ಮೊದಲೇ ಹೊರಟುಬಿಡುತ್ತದೆ, ಮುಂದಿನದು ರಾತ್ರಿ ಎಂಟಕ್ಕೆ. ನಮ್ಮ ಬ್ಯಾಚಿನಲ್ಲೂ ಹೀಗೇ ಇತ್ತು. ಗಣಿತದಲ್ಲಿ ನನಗಿಂತ ಹೆಚ್ಚು ಅಂಕ ತೆಗೆಯುತ್ತಿದ್ದ ಹುಡುಗಿ ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದಳು. "ಕತ್ತಲಾದ ಮೇಲೆ ಹೆಣ್ಣುಮಗು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುವುದು ಬೇಡ" ಎಂದರು ಮನೆಯವರು. ಅವರದ್ದು ತಪ್ಪೆಂದು ನಾನು ಹೇಳಲಾರೆ. ನಾನು ಗಂಡುಹುಡುಗ, ಮಾವನ ಮನೆಯಲ್ಲಿ ಉಳಿದು ಓದಿದೆ. ಆಕೆ ಈಗ ಈ ಸಭೆಯಲ್ಲೇ ಇದ್ದಾರೆ. ಅವರ ಮಗಳು ಇಲ್ಲಿ ಒಂಬತ್ತನೇ ತರಗತಿ.

2023ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ದುಡ್ಡಿನ ತೊಂದರೆ ನೀಗಿದೆ, ಹೊತ್ತಿನ ತೊಂದರೆ ಹಾಗೇ ಇದೆ. ಕಳೆದ ವರ್ಷ ಇಲ್ಲಿ ಪಾಸಾದ ಹುಡುಗಿಯರಲ್ಲಿ ಏಳು ಮಂದಿ ಕಾಲೇಜಿಗೆ ಸೇರಿಲ್ಲ ಎಂದು ಮೇಡಂ ಹೇಳಿದರು. ಮಕ್ಕಳಲ್ಲಿ ಕೊರತೆಯಿಲ್ಲ, ಮೇಷ್ಟ್ರುಗಳಲ್ಲೂ ಇಲ್ಲ. ಈ 22 ಕಿಲೋಮೀಟರಿನ ಹಳಿಯನ್ನು ನಾವು ಹಾಕಬೇಕು.

ನಮ್ಮ ಬ್ಯಾಚಿನ ಒಂಬತ್ತು ಜನ ಮಾತನಾಡಿಕೊಂಡಿದ್ದೇವೆ. ಬರುವ ಜೂನ್‌ನಿಂದ ಒಂದು ವರ್ಷ ಸಂಜೆ ಒಂದು ವ್ಯಾನಿನ ಬಾಡಿಗೆ, ಡೀಸೆಲ್ ನಮ್ಮದು. ಚಾಲಕ ಊರಿನವರೇ ಆಗಿರಲಿ, ಜೊತೆಗೆ ದಿನಕ್ಕೊಬ್ಬ ತಾಯಿ ಬರಲಿ. ಆದರೆ ವ್ಯಾನು ಶಾಶ್ವತವಲ್ಲ. ಬಸ್ಸಿನ ಸಮಯ ಒಂದು ಗಂಟೆ ಮುಂದಕ್ಕೆ ಹಾಕಬೇಕೆಂಬ ಅರ್ಜಿ ಹಿಂದಿನ ಮೇಜಿನ ಮೇಲಿದೆ. ಊಟಕ್ಕೆ ಹೋಗುವ ಮೊದಲು ದಯವಿಟ್ಟು ಎಲ್ಲರೂ ಸಹಿ ಮಾಡಿ. ಸಹಿ ಬರದ ಅಜ್ಜಿಯಂದಿರು ಹೆಬ್ಬೆಟ್ಟು ಒತ್ತಿ, ನಿಮ್ಮ ಮೊಮ್ಮಗಳ ಹೆಸರನ್ನು ಪಕ್ಕದಲ್ಲಿ ಬರೆಸಿ.