ಸಹಿಯೂ ಕಾಯಕವೇ



2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆ ಬಳಿಯ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದು ನೀರನ್ನು ನದಿಗೆ ಬಿಡಬೇಕಾಯಿತು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಒಂದು ವಾರದಲ್ಲಿ ತಡೆದ ಕಾರ್ಮಿಕರದು ನಿಜವಾದ ಕಾಯಕ.

ಆ ಸುದ್ದಿ ಕೇಳಿದಾಗ ನನಗೆ ನನ್ನದೇ ಒಂದು ಸಹಿ ನೆನಪಾಯಿತು. ಸೇವೆಯಲ್ಲಿದ್ದಾಗ ಒಂದು ಸಣ್ಣ ಕೆರೆಯ ತೂಬಿನ ತಪಾಸಣಾ ವರದಿಗೆ, ಏರಿ ಹತ್ತಿ ನೋಡದೆ, ಕಚೇರಿಯಲ್ಲೇ ಕುಳಿತು 'ಸುಸ್ಥಿತಿಯಲ್ಲಿದೆ' ಎಂದು ಬರೆದೆ. ಮಳೆಗಾಲದಲ್ಲಿ ತುಕ್ಕು ಹಿಡಿದ ಗೇಟನ್ನು ಮುಚ್ಚಲಾಗಲಿಲ್ಲ. ಕೆಳಗಿನ ಗದ್ದೆಗಳ ಪೈರು ಹೋಯಿತು. ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಇಂದು ನಿಮ್ಮೆದುರು ಹೇಳುತ್ತಿದ್ದೇನೆ.

ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ಸಹಜ. ಅದನ್ನು ನೋಡುವುದಕ್ಕೇ ನಮಗೆ ಸಂಬಳ. ಅಪವಾದ ಬಂದಾಗ ಬಸವಣ್ಣನವರು ಬಿಜ್ಜಳನ ಭಂಡಾರದ ಲೆಕ್ಕ ಒಪ್ಪಿಸಿದರೆಂದು ಕೇಳಿ ಬೆಳೆದವರು ನಾವು. ಲೆಕ್ಕ ಒಪ್ಪಿಸದ ಕೆಲಸ ಕಾಯಕವಾಗದು.

2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಕಾಮಗಾರಿಯನ್ನೇ ಪರಿಶೀಲಿಸುವ ಹಕ್ಕು ನಿಮಗಿದೆ. ಮಳೆಗಾಲಕ್ಕೆ ಮುಂಚೆ ನಿಮ್ಮೂರ ಕೆರೆಯ ವರದಿ ಕೇಳಿ, ತೂಬಿನ ಹತ್ತಿರ ನಿಂತು ಓದಿ. ಸಹಿ ಮಾಡಿದವನು ನಮ್ಮವನೇ ಆಗಿದ್ದರೂ ಬಿಡಬೇಡಿ.