ಹೊಸ ಟ್ಯಾಬ್ಲೆಟ್: ಇಟ್ಟುಕೊಳ್ಳುವುದೋ, ಹಿಂತಿರುಗಿಸುವುದೋ?

(ರೈತರ ತರಬೇತಿ ಶಿಬಿರದಲ್ಲಿ ವಿಸ್ತರಣಾ ಕಾರ್ಯಕರ್ತರೊಬ್ಬರು ನೀಡಿದ ಭಾಷಣ)



ಎತ್ತು ಕೊಳ್ಳುವಾಗ ನಾವು ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ಕೊನೆಗೆ ನೊಗಕ್ಕೆ ಹೂಡಿ ನಾಲ್ಕು ಸಾಲು ಹೊಡೆದು ನೋಡುತ್ತೇವೆ. ಆದರೆ ಟ್ಯಾಬ್ಲೆಟ್ ಕೊಳ್ಳುವಾಗ ಅಂಗಡಿಯ ತಂಪಿನಲ್ಲಿ ನಿಂತು, ಪರದೆಯ ಮೇಲಿನ ಹೂವಿನ ಚಿತ್ರ ನೋಡಿ ಹಣ ಎಣಿಸಿಬಿಡುತ್ತೇವೆ. ಈ ತಪ್ಪನ್ನು ನಾನೂ ಮಾಡಿದ್ದೇನೆ. ಅದನ್ನೇ ಇಂದು ಹೇಳಬೇಕೆಂದಿದ್ದೇನೆ.

ನನ್ನ ಬಳಿ ಇದ್ದ ಹಳೆಯದು 8 ಅಂಗುಲದ್ದು, ಸಿಮ್ ಹಾಕುವಂಥದ್ದು. ಪರದೆಯ ಮೂಲೆ ಸೀಳಿತ್ತು, ಒಂದು ಚಿತ್ರ ತೆರೆಯುವುದರೊಳಗೆ ಒಂದು ಲೋಟ ಚಹಾ ಮುಗಿಯುತ್ತಿತ್ತು. ಅದನ್ನು ಬದಲಿಗೆ ಕೊಟ್ಟು 11 ಅಂಗುಲದ, 128 ಜಿಬಿ ಸಂಗ್ರಹದ ಹೊಸದನ್ನು ತಂದೆ. ಮನೆಯಲ್ಲಿ ಅದಕ್ಕೆ ಸಾಟಿಯೇ ಇರಲಿಲ್ಲ. ಭತ್ತದ ಬೆಂಕಿ ರೋಗದ ಚುಕ್ಕೆಗೂ ಕಂದು ಎಲೆ ಚುಕ್ಕೆಗೂ ಇರುವ ವ್ಯತ್ಯಾಸ ಚಿತ್ರದಲ್ಲಿ ಅಷ್ಟು ಸ್ಪಷ್ಟವಾಗಿ ಕಂಡದ್ದು ನನಗೆ ಅದೇ ಮೊದಲು.

ಮೂರನೆಯ ದಿನ ಹೊಲಕ್ಕೆ ಕೊಂಡೊಯ್ದೆ. ಅಲ್ಲಿ ಅದರ ಬಣ್ಣ ಬಯಲಾಯಿತು.

ಕರ್ನಾಟಕದಲ್ಲಿ 2020ರ ಮುಂಗಾರಿನಿಂದ ರೈತರೇ ತಮ್ಮ ಬೆಳೆಯ ವಿವರವನ್ನು ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಚಿತ್ರಸಹಿತ ದಾಖಲಿಸಲು ಅವಕಾಶವಾಗಿರುವುದು ತಮಗೆ ತಿಳಿದ ವಿಷಯ. ಬೆಳೆ ವಿಮೆ, ಬೆಳೆ ಹಾನಿ ಪರಿಹಾರ, ಬೆಂಬಲ ಬೆಲೆಯ ಖರೀದಿ, ಇವುಗಳಿಗೆಲ್ಲ ಈ ದಾಖಲೆಯನ್ನು ನೋಡಲಾಗುತ್ತದೆ. ತಾಕಿನಲ್ಲಿ ನಿಂತೇ ಚಿತ್ರ ತೆಗೆಯಬೇಕು. ನಾವು ನಿಂತ ಜಾಗ ಯಾವ ಸರ್ವೆ ನಂಬರಿನದೆಂಬುದನ್ನು ಸಾಧನವು ಉಪಗ್ರಹಗಳ ಸಂಕೇತದಿಂದ, ಅಂದರೆ ಜಿಪಿಎಸ್‌ನಿಂದ, ತಿಳಿಯಬೇಕು. ಸರ್ವೆ ನಂಬರು ತೋರಿಸುವ ದಿಶಾಂಕ್ ಆ್ಯಪ್‌ಗೂ ಇದೇ ಆಧಾರ. ನನ್ನ ಹೊಸ ಟ್ಯಾಬ್ಲೆಟ್ಟಿನಲ್ಲಿ ಜಿಪಿಎಸ್ ಇರಲೇ ಇಲ್ಲ! ಬದುವಿನ ಮೇಲೆ ನಿಂತ ನನ್ನನ್ನು ಅದು ದೂರದ ಪಟ್ಟಣದಲ್ಲಿ ತೋರಿಸಿತು.

ಇದು ಯಂತ್ರದ ದೋಷವಲ್ಲ. ಅದು ವೈ-ಫೈ ಮಾತ್ರದ ಮಾದರಿ. ಸಿಮ್ ಹಾಕುವ ಟ್ಯಾಬ್ಲೆಟ್ಟುಗಳಲ್ಲಿ ಜಿಪಿಎಸ್ ಸಾಮಾನ್ಯವಾಗಿ ಇರುತ್ತದೆ. ವೈ-ಫೈ ಮಾದರಿಗಳಲ್ಲಿ ಕೆಲವಕ್ಕೆ ಇರುತ್ತದೆ, ಹಲವಕ್ಕೆ ಇರುವುದಿಲ್ಲ. ಊರಿನೊಳಗೆ ಸುತ್ತಮುತ್ತಲಿನ ವೈ-ಫೈ ಗುರುತಿನಿಂದ ಅವು ಜಾಗವನ್ನು ಹೆಚ್ಚುಕಡಿಮೆ ಊಹಿಸುತ್ತವೆ. ಹೊಲದಲ್ಲಿ ವೈ-ಫೈ ಎಲ್ಲಿಂದ ಬರಬೇಕು? ಫೋನಿನ ಹಾಟ್‌ಸ್ಪಾಟ್ ಕೊಟ್ಟರಾಯಿತಲ್ಲ ಎಂದು ತಾವು ಕೇಳಬಹುದು. ನಾನೂ ಕೊಟ್ಟು ನೋಡಿದೆ. ಹಾಟ್‌ಸ್ಪಾಟು ಇಂಟರ್ನೆಟ್ಟನ್ನು ಹಂಚುತ್ತದೆಯೇ ಹೊರತು ಫೋನು ಇರುವ ಜಾಗದ ಮಾಹಿತಿಯನ್ನು ಸಾಮಾನ್ಯವಾಗಿ ಹಂಚುವುದಿಲ್ಲ.

ಇನ್ನು ಬಿಸಿಲಿನ ಮಾತು. ನಡು ಮಧ್ಯಾಹ್ನ ಪರದೆಯಲ್ಲಿ ನನ್ನ ಮುಖ ಕಂಡಿತೇ ವಿನಾ ಅಕ್ಷರ ಕಾಣಲಿಲ್ಲ. ಹೊಳಪನ್ನು ನಿಟ್ ಎಂಬ ಮಾನದಲ್ಲಿ ಹೇಳುತ್ತಾರೆ. ಸಾಧಾರಣ ಬೆಲೆಯವು 300ರಿಂದ 400 ನಿಟ್‌ನಷ್ಟಿರುತ್ತವೆ. ಮನೆಯೊಳಗೆ ಅದು ಧಾರಾಳ, ಬಯಲಿಗೆ ಸಾಲದು. ಇಂಥ ಸಾಧನಗಳನ್ನು 35 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಯಲ್ಲಿ ಬಳಸಬೇಡಿರೆಂದು ಹೇಳುವ ತಯಾರಕರೂ ಇದ್ದಾರೆ. ರಾಯಚೂರು, ಕಲಬುರಗಿಯ ಬೇಸಿಗೆಯನ್ನು ಬಲ್ಲವರಿಗೆ ಇದರ ಅರ್ಥ ವಿವರಿಸಬೇಕಾಗಿಲ್ಲ. ಆದರೂ ಬಿಸಿಲಿನ ತೊಂದರೆಗೆ ಮರದ ನೆರಳಾದರೂ ಇದೆ. ಜಿಪಿಎಸ್ ಇಲ್ಲದ್ದಕ್ಕೆ ಯಾವ ನೆರಳೂ ಇಲ್ಲ.

ಬಿಲ್ಲಿನಲ್ಲಿ 7 ದಿನಗಳ ಅವಧಿ ನಮೂದಾಗಿತ್ತು. ಎರಡು ದಿನ ನಾನು ಯೋಚಿಸುತ್ತಲೇ ಕುಳಿತೆ. ನಿಜ ಹೇಳಬೇಕೆಂದರೆ ಆ ದೊಡ್ಡ ಪರದೆಯನ್ನು ಬಿಡಲು ಮನಸ್ಸಿರಲಿಲ್ಲ. ಕಡೆಗೆ ಒಂದು ಚೀಟಿಯಲ್ಲಿ ಹಳೆಯದು ವಾರದಲ್ಲಿ ಮಾಡುತ್ತಿದ್ದ ಕೆಲಸಗಳನ್ನೆಲ್ಲ ಬರೆದೆ. ಒಂಬತ್ತು ಕೆಲಸಗಳಾದವು. ಹೊಸದು ಆರನ್ನು ಹೆಚ್ಚು ಚೆನ್ನಾಗಿ ಮಾಡುತ್ತಿತ್ತು, ಮೂರನ್ನು ಮಾಡುತ್ತಲೇ ಇರಲಿಲ್ಲ. ಆ ಮೂರೂ ಹೊಲದ ಕೆಲಸಗಳು. ಹಿಂತಿರುಗಿಸಲು ನಿರ್ಧರಿಸಿದೆ.

ಅಂಗಡಿಯವರು ಗೋಡೆಯ ಮೇಲಿನ ಫಲಕ ತೋರಿಸಿದರು: ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ. ಇಲ್ಲಿ ಕಾನೂನನ್ನು ಸ್ವಲ್ಪ ತಿಳಿದಿರುವುದು ಒಳ್ಳೆಯದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದೋಷವುಳ್ಳ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ಹಿಂತೆಗೆದುಕೊಂಡು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಫಲಕ ತೂಗುಹಾಕಿದ ಮಾತ್ರಕ್ಕೆ ಇದು ತಪ್ಪುವುದಿಲ್ಲ. ಆನ್‌ಲೈನ್ ಖರೀದಿಗೆ 2020ರ ನಿಯಮಗಳಿವೆ; ಜಾಹೀರಾತಿನಲ್ಲಿ ಹೇಳಿದ ಗುಣ ವಸ್ತುವಿನಲ್ಲಿ ಇಲ್ಲದಿದ್ದರೂ ಮಾರಾಟಗಾರ ವಾಪಸು ಪಡೆಯಲೇಬೇಕು. ತಕರಾರಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಆದರೆ ನನ್ನ ಪ್ರಕರಣದಲ್ಲಿ ದೋಷವಿರಲಿಲ್ಲ. ಪೆಟ್ಟಿಗೆಯ ಮೇಲೆ ವೈ-ಫೈ ಎಂದು ಅಚ್ಚಾಗಿಯೇ ಇತ್ತು, ಓದದವನು ನಾನು. ಹಾಗಾಗಿ ಕಾಯಿದೆಯ ಮಾತು ಎತ್ತದೆ, ಬಿಲ್ಲಿನ 7 ದಿನಗಳನ್ನು ಮಾತ್ರ ತೋರಿಸಿದೆ. ಹಣ ಕೊಡಲು ಒಪ್ಪದೆ, ವ್ಯತ್ಯಾಸದ ಹಣ ಪಡೆದು ಅದೇ ಕಂಪನಿಯ ಸಿಮ್ ಮಾದರಿಯನ್ನು ಕೊಟ್ಟರು. ಹಳೆಯ ಟ್ಯಾಬ್ಲೆಟ್ ಮಾತ್ರ ಅಷ್ಟರಲ್ಲಿ ಕೈಬಿಟ್ಟು ಹೋಗಿತ್ತು. ಹೊಸದನ್ನು ಹೊಲದಲ್ಲಿ ಪರೀಕ್ಷಿಸುವವರೆಗೆ ಹಳೆಯದನ್ನು ಬದಲಿಗೆ ಕೊಡದಿರುವುದು ಲೇಸು.

ನಮ್ಮೂರಿನ ಹಿರಿಯ ರೈತರೊಬ್ಬರು ನಾನು ಹಿಂತಿರುಗಿಸಿದ ಮಾದರಿಯನ್ನೇ ಕೊಂಡು, ಎಲ್ಲ ತಿಳಿದ ಮೇಲೂ ಇಟ್ಟುಕೊಂಡರು. ಸಮೀಕ್ಷೆಯ ಚಿತ್ರವನ್ನು ಮಗ ಫೋನಿನಲ್ಲೇ ತೆಗೆಯುತ್ತಾನೆ. ಅವರಿಗೆ ಬೇಕಾದದ್ದು ಪಹಣಿಯನ್ನೂ ಪೇಟೆ ಧಾರಣೆಯನ್ನೂ ಕನ್ನಡಕ ಹುಡುಕದೆ ಓದುವುದು. ಅವರ ತೀರ್ಮಾನವೂ ಸರಿಯೇ.

ಹಿಂತಿರುಗಿಸುವವರು ಪೆಟ್ಟಿಗೆ, ಚಾರ್ಜರ್, ಬಿಲ್ಲು ಜೋಪಾನ ಮಾಡಿ. ಚಿತ್ರಗಳನ್ನು ಬೇರೆಡೆ ನಕಲು ಮಾಡಿಕೊಂಡು, ಮೊದಲು ತಮ್ಮ ಗೂಗಲ್ ಖಾತೆಯನ್ನು ತೆಗೆದು, ಆಮೇಲೆ ಪೂರ್ತಿ ಅಳಿಸಿ. ಖಾತೆ ತೆಗೆಯದೆ ಅಳಿಸಿದರೆ ಟ್ಯಾಬ್ಲೆಟ್ ಬೀಗ ಹಾಕಿಕೊಂಡು ತಮ್ಮ ಖಾತೆಯನ್ನೇ ಕೇಳುತ್ತ ಕೂರಬಹುದು, ಆಗ ಅಂಗಡಿಯವರು ಮುಟ್ಟುವುದಿಲ್ಲ. ಇಂದು ತಮ್ಮ ಟ್ಯಾಬ್ಲೆಟ್ ತಂದಿರುವವರು ಊಟದ ನಂತರ ನನ್ನೊಡನೆ ಪ್ರಾತ್ಯಕ್ಷಿಕೆ ತಾಕಿಗೆ ಬಂದರೆ, ಅದರಲ್ಲಿ ಜಿಪಿಎಸ್ ಇದೆಯೋ ಇಲ್ಲವೋ ಅಲ್ಲಿಯೇ ನೋಡೋಣ.