ಹಗಲು ದುಡಿದವರಿಗೆ ಸಂಜೆಯ ಪಾಠ

(ಸಂಘದ ಬೆಳ್ಳಿ ಹಬ್ಬದ ವಿಚಾರಗೋಷ್ಠಿಯಲ್ಲಿ ಸಂಜೆ ಕಾಲೇಜಿನ ಅಧ್ಯಾಪಕರ ಪರವಾಗಿ ಮಾಡಿದ ಭಾಷಣದ ಲಿಖಿತ ರೂಪ)



ಒಂದು ಸಂಘವನ್ನು ಇಪ್ಪತ್ತೈದು ವರ್ಷ ಒಡೆಯದೆ, ಮುಚ್ಚದೆ ನಡೆಸಿಕೊಂಡು ಬರುವುದು ಸುಲಭದ ಮಾತಲ್ಲ. ಅದಕ್ಕಾಗಿ ನಿಮ್ಮೆಲ್ಲರಿಗೂ ಮೊದಲು ನಮ್ಮ ಅಭಿನಂದನೆಗಳು. ಸಾಲ, ಗೊಬ್ಬರ, ಬಿತ್ತನೆ ಬೀಜದ ವಿಚಾರ ಹೇಳಲು ಇಲ್ಲಿ ನಮಗಿಂತ ಬಲ್ಲವರಿದ್ದಾರೆ. ನಾವು ಪಾಠ ಹೇಳುವ ಜನ. ಹಾಗಾಗಿ ನಮಗೆ ಗೊತ್ತಿರುವ ಒಂದೇ ವಿಷಯವನ್ನು ನಿಮ್ಮ ಮುಂದಿಡುತ್ತೇವೆ. ಅದು ಹಗಲೆಲ್ಲ ದುಡಿಯುವವರಿಗೆ ಸಂಜೆಯ ಪಾಠದ ವಿಷಯ.

ಸಂಜೆ ಕಾಲೇಜು ಅಂದರೆ ಪಟ್ಟಣದ ಗುಮಾಸ್ತರಿಗೆ ಬಡ್ತಿ ಸಿಗಲಿ ಅಂತ ಇರೋದು ಎಂಬ ಭಾವನೆ ನಮ್ಮಲ್ಲಿದೆ. ಆದರೆ ಅದರ ಹುಟ್ಟು ಹಾಗಲ್ಲ. ಜಾರ್ಜ್ ಬರ್ಕ್‌ಬೆಕ್ ಎಂಬ ವೈದ್ಯರು ಗ್ಲಾಸ್ಗೋ ನಗರದಲ್ಲಿ ಭೌತಶಾಸ್ತ್ರ ಪಾಠ ಹೇಳುತ್ತಿದ್ದರು. ಪ್ರಯೋಗದ ಉಪಕರಣ ಮಾಡಿಕೊಡುತ್ತಿದ್ದ ಕೆಲಸಗಾರರು, ಇದು ಹೇಗೆ ನಡೆಯುತ್ತದೆ ಎಂದು ಕುತೂಹಲದಿಂದ ನೋಡುವುದನ್ನು ಅವರು ಕಂಡರು. 1800ರಲ್ಲಿ ಆ ಕೆಲಸಗಾರರಿಗಾಗಿಯೇ ಉಚಿತ ಪಾಠ ಆರಂಭಿಸಿದರು. 1823ರಲ್ಲಿ ಅವರೂ ಅವರ ಮಿತ್ರರೂ ಸೇರಿ ಲಂಡನ್ನಿನಲ್ಲಿ ಕಸುಬುದಾರರ ವಿದ್ಯಾಸಂಸ್ಥೆಯನ್ನು ಕಟ್ಟಿದರು. ಕೂಲಿಯವನಿಗೆ ವಿದ್ಯೆ ಕೊಟ್ಟರೆ ಅವನು ಮಾತು ಕೇಳುವುದಿಲ್ಲ ಅಂತ ಆಗ ವಿರೋಧಿಸಿದವರೂ ಇದ್ದರು. ಸಂಸ್ಥೆ ನಿಲ್ಲಲಿಲ್ಲ. 1830ರಲ್ಲಿ ಹೆಂಗಸರಿಗೂ ಬಾಗಿಲು ತೆರೆಯಿತು. 1920ರಲ್ಲಿ ಲಂಡನ್ ವಿಶ್ವವಿದ್ಯಾನಿಲಯಕ್ಕೆ ಸೇರಿತು. ಬರ್ಕ್‌ಬೆಕ್ ಕಾಲೇಜು ಅಂತ ಹೆಸರಾದ ಅಲ್ಲಿ ಇಂದಿಗೂ ಸಂಜೆಯ ತರಗತಿಗಳು ನಡೆಯುತ್ತವೆ.

ಆ ಕಾಲೇಜಿನಲ್ಲಿ ಪಾಠ ಹೇಳಿದವರು ಎಂಥವರು, ನೋಡಿ. ಹರಳುಗಳ ರಚನೆಯನ್ನು ಬಗೆದ ವಿಜ್ಞಾನಿ ಜೆ.ಡಿ. ಬರ್ನಾಲ್ 1938ರಲ್ಲಿ ಅಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾದರು. ದುಡಿಯುವ ಜನರ ಚರಿತ್ರೆ ಬರೆದ ಎರಿಕ್ ಹಾಬ್ಸ್‌ಬಾಮ್ 1947ರಿಂದ ಅಲ್ಲೇ ಇತಿಹಾಸ ಕಲಿಸಿದರು. ಒಂದೇ ಸಂಸ್ಥೆಯಲ್ಲಿ ವಿಜ್ಞಾನವೂ ಸಿಕ್ಕಿತು, ಸಮಾಜದ ಅಧ್ಯಯನವೂ ಸಿಕ್ಕಿತು. ನಮ್ಮ ಮಾತಿನ ತಿರುಳು ಇದೇ: ಎರಡೂ ಬೇಕು.

ಇದಕ್ಕೂ ಸಹಕಾರ ಸಂಘಕ್ಕೂ ಏನು ಸಂಬಂಧ ಅಂತ ಕೇಳಬಹುದು. ಬಹಳ ಹತ್ತಿರದ ಸಂಬಂಧ. 1844ರ ಡಿಸೆಂಬರ್ 21ರಂದು ಇಂಗ್ಲೆಂಡಿನ ರಾಚ್‌ಡೇಲ್ ಊರಿನಲ್ಲಿ 28 ಮಂದಿ ಸದಸ್ಯರ ಸಂಘವೊಂದು ಅಂಗಡಿ ತೆರೆಯಿತು. ಅವರ ನಿಯಮಗಳನ್ನೇ ಲೋಕದ ಸಹಕಾರಿಗಳೆಲ್ಲ ಮಾದರಿಯಾಗಿ ಇಟ್ಟುಕೊಂಡರು. ಅವರು ಹಿಟ್ಟು, ಬೆಣ್ಣೆ ಮಾರಿ ಸುಮ್ಮನಾಗಲಿಲ್ಲ. ಲಾಭದಲ್ಲಿ ನೂರಕ್ಕೆ ಎರಡೂವರೆ ಪಾಲನ್ನು ಶಿಕ್ಷಣಕ್ಕೆ ತೆಗೆದಿಟ್ಟರು. ಗ್ರಂಥಾಲಯ, ವಾಚನಾಲಯ ನಡೆಸಿದರು, ಮುಂದೆ ವಿಜ್ಞಾನದ ತರಗತಿಗಳನ್ನೂ ಏರ್ಪಡಿಸಿದರು.

ಕಾರ್ಮಿಕರ ಶಿಕ್ಷಣಕ್ಕಾಗಿ 1903ರಲ್ಲಿ ಒಂದು ಸಂಘಟನೆ ಕಟ್ಟಿದ ಆಲ್ಬರ್ಟ್ ಮ್ಯಾನ್ಸ್‌ಬ್ರಿಜ್ ಕೂಡ ಸಹಕಾರಿ ಸಂಸ್ಥೆಯಲ್ಲಿ ಗುಮಾಸ್ತರಾಗಿದ್ದವರೇ. ಆ ಸಂಘಟನೆ 1908ರಲ್ಲಿ ಅದೇ ರಾಚ್‌ಡೇಲಿನಲ್ಲೂ ಕುಂಬಾರಿಕೆಯ ಊರಾದ ಲಾಂಗ್ಟನ್ನಿನಲ್ಲೂ ತರಗತಿ ತೆರೆದಾಗ, ಆರ್ಥಿಕ ಇತಿಹಾಸ ಹೇಳಲು ಬಂದವರು ಆರ್.ಎಚ್. ಟಾನಿ. ಒಂದು ಗಂಟೆ ಪಾಠ, ಇನ್ನೊಂದು ಗಂಟೆ ಚರ್ಚೆ. ಮೇಷ್ಟ್ರು ಹೇಳಿದ್ದಕ್ಕೆಲ್ಲ ತಲೆಯಾಡಿಸುವ ತರಗತಿ ಅದಲ್ಲ. 1912ರಲ್ಲಿ ಟಾನಿ ಹಳೆಯ ಕಾಲದ ರೈತರು ಭೂಮಿ ಕಳೆದುಕೊಂಡ ಬಗ್ಗೆ ದೊಡ್ಡ ಗ್ರಂಥ ಬರೆದರು. ಆ ನೇಕಾರರು, ಕುಂಬಾರರು, ಗಣಿ ಕೆಲಸದವರು ತಮ್ಮನ್ನು ತಿದ್ದಿದ್ದನ್ನು ಅದರ ಮುನ್ನುಡಿಯಲ್ಲಿ ನೆನೆದರು. ಅಂದರೆ ಸಂಜೆಯ ತರಗತಿಯಲ್ಲಿ ಕಲಿಯುವವರು ಎರಡೂ ಕಡೆ ಇರುತ್ತಾರೆ.

ಇದೆಲ್ಲ ಪರದೇಶದ ಮಾತಾಯಿತು ಅನ್ನಬೇಡಿ. ಜ್ಯೋತಿಬಾ ಫುಲೆ ಮತ್ತು ಸಾವಿತ್ರಿಬಾಯಿ ದಂಪತಿಗಳು 1855ರಲ್ಲೇ ಪುಣೆಯಲ್ಲಿ ರೈತರಿಗೆ, ಕೂಲಿಕಾರರಿಗೆ ರಾತ್ರಿ ಶಾಲೆ ತೆರೆದಿದ್ದರು. 1930ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಉಪನ್ಯಾಸ ಮಾಡಿದರು. ಅವು ಸಣ್ಣ ಸಣ್ಣ ಪುಸ್ತಕಗಳಾಗಿ ಬಂದವು. ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಆರಂಭಿಸಿದ ವಿಜ್ಞಾನ ವೇದಿಕೆ, ವಾರಕ್ಕೊಂದು ಸಂಜೆ ಯಾರು ಬೇಕಾದರೂ ಬಂದು ಕೂತು ಕೇಳುವ ಉಪನ್ಯಾಸ ಏರ್ಪಡಿಸಿತು.

ಆದರೆ ಒಂದು ಕೊರತೆ ಉಳಿದುಬಿಟ್ಟಿದೆ. ನಮ್ಮ ಸಂಜೆ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಸಿಗೋದು ಬಿ.ಎ., ಬಿ.ಕಾಂ. ಬಿ.ಎಸ್ಸಿ. ಬಲು ಅಪರೂಪ. ಪ್ರಯೋಗಾಲಯ ಬೇಕು, ಸಹಾಯಕರು ಬೇಕು, ಸಂಜೆಯ ಎರಡು ಮೂರು ಗಂಟೆಯಲ್ಲಿ ಪ್ರಯೋಗ ಮುಗಿಯೋದಿಲ್ಲ ಅನ್ನುವುದು ಕಾರಣ. ಕಾರಣ ಸುಳ್ಳಲ್ಲ. ಆದರೆ ಅದರ ಫಲ ಏನಾಯಿತು? ಹೊಟ್ಟೆಪಾಡಿಗೆ ಹಗಲು ದುಡಿಯಲೇಬೇಕಾದ ಹುಡುಗ, ಹುಡುಗಿಗೆ ವಿಜ್ಞಾನದ ಬಾಗಿಲು ಮುಚ್ಚಿಹೋಯಿತು. ವಿಜ್ಞಾನ ಅನುಕೂಲಸ್ಥರ ಸೊತ್ತು ಎಂಬಂತಾಯಿತು.

ಪದವಿ ಕೊಡುವುದು ನಮ್ಮ ನಿಮ್ಮ ಕೈಯಲ್ಲಿಲ್ಲ. ಪಾಠ ನಡೆಸುವುದು ಕೈಯಲ್ಲಿದೆ. ಪ್ರಯೋಗಾಲಯ ಎಲ್ಲಿದೆ ಅಂದರೆ, ಊರಲ್ಲೇ ಇದೆ. ಹಾಲಿನ ಡೈರಿಯ ಲ್ಯಾಕ್ಟೋಮೀಟರನ್ನೇ ತಗೊಳ್ಳಿ. ಹಾಲಿಗೆ ನೀರು ಬೆರೆಸಿದರೆ ಅದರ ಅಂಕಿ ಇಳಿಯುತ್ತದೆ. ಕೆನೆ ತೆಗೆದರೆ ಏರುತ್ತದೆ, ಯಾಕೆಂದರೆ ಜಿಡ್ಡು ನೀರಿಗಿಂತ ಹಗುರ. ಹಾಗಾದರೆ ಕೆನೆಯನ್ನೂ ತೆಗೆದು ನೀರನ್ನೂ ಬೆರೆಸಿದರೆ? ಅಂಕಿ ಮೊದಲಿನಂತೆಯೇ ಕಾಣಬಹುದು! ಅದಕ್ಕೇ ಜಿಡ್ಡಿನ ಪರೀಕ್ಷೆ ಬೇರೆ ಬೇಕು. ಒಂದು ಲೋಟ ಹಾಲಿನಲ್ಲಿ ಸಾಂದ್ರತೆಯ ಪಾಠ ಪೂರ್ತಿ ಇದೆ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಏಳುತ್ತದೆ: ಹಾಲಿನ ದರ ನಿಗದಿ ಮಾಡುವವರು ಯಾರು, ಪಶು ಆಹಾರದ ಬೆಲೆ ಏರಿದಾಗ ದರ ಯಾಕೆ ಅಷ್ಟೇ ಏರಲಿಲ್ಲ, ಸದಸ್ಯನಿಗೆ ಕೇಳುವ ಹಕ್ಕಿದೆಯೇ? ಇದು ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಲೋಟ ಒಂದೇ, ಶಾಸ್ತ್ರ ಎರಡು.

ಮಣ್ಣು ಪರೀಕ್ಷೆಯ ಚೀಟಿಯೂ ಹಾಗೆಯೇ. ರಸಸಾರ 7ಕ್ಕಿಂತ ಕಡಿಮೆ ಇದ್ದರೆ ಮಣ್ಣು ಹುಳಿ, ಹೆಚ್ಚಿದ್ದರೆ ಕ್ಷಾರ. ಇಷ್ಟು ತಿಳಿಯದೆ ಸಾಲ ಮಾಡಿ ಗೊಬ್ಬರ ಸುರಿದರೆ ನಷ್ಟ ಯಾರಿಗೆ? ಚೀಟಿ ಓದಲು ಬಂದು, ಸಂಘದ ಆಸ್ತಿ-ಜವಾಬ್ದಾರಿ ತಖ್ತೆ ಓದಲು ಬಾರದಿದ್ದರೂ ಕಷ್ಟವೇ. ವಾರ್ಷಿಕ ಮಹಾಸಭೆಯಲ್ಲಿ ಕೈ ಎತ್ತಿ ಉಪ್ಪಿಟ್ಟು ತಿಂದು ಬರುವುದಷ್ಟೇ ಸದಸ್ಯತ್ವ ಆಗಿಬಿಡುತ್ತದೆ. ಒಬ್ಬನಿಗೆ ಒಂದು ಮತ ಎಂಬ ಸಹಕಾರ ತತ್ವಕ್ಕೆ ಬೆಲೆ ಬರೋದು, ಆ ಒಬ್ಬನಿಗೆ ವಿಷಯ ತಿಳಿದಿದ್ದಾಗ ಮಾತ್ರ.

ಈಗ ಎಲ್ಲಾ ಮೊಬೈಲಿನಲ್ಲೇ ಸಿಗುತ್ತದಲ್ಲ ಸಾರ್ ಅಂತ ಹುಡುಗರು ಹೇಳುತ್ತಾರೆ. ನಿಜ. 1996ರಿಂದ ಮೈಸೂರಿನಲ್ಲಿ ಮುಕ್ತ ವಿಶ್ವವಿದ್ಯಾನಿಲಯವಿದೆ, 2017ರಲ್ಲಿ ಕೇಂದ್ರ ಸರ್ಕಾರದ ‘ಸ್ವಯಂ’ ಅಂತರ್ಜಾಲ ಪಾಠಗಳೂ ಬಂದವು. ಬಳಸಿಕೊಳ್ಳಿ. ಆದರೆ ಮೊಬೈಲು ಹೇಳುತ್ತಾ ಹೋಗುತ್ತದೆ. ನಿಮ್ಮ ಹೊಲದ ಮಣ್ಣನ್ನು ಕೈಗೆ ತಗೊಂಡು ನೋಡುವುದಿಲ್ಲ, ಪಕ್ಕದವರ ಜೊತೆ ವಾದಕ್ಕೆ ಕೂರಿಸುವುದಿಲ್ಲ.

ಆದ್ದರಿಂದ ನಮ್ಮ ಕೋರಿಕೆ ಇಷ್ಟು. ಸಂಘದ ಈ ಸಭಾಂಗಣ ಸಂಜೆ ಬೀಗ ಹಾಕಿ ಸುಮ್ಮನೆ ಇರುತ್ತದೆ. ಸುಗ್ಗಿ ಮುಗಿದ ಮೇಲೆ ಮೂರು ತಿಂಗಳು, ವಾರಕ್ಕೆ ಎರಡು ದಿನ ಅದನ್ನು ಪಾಠಕ್ಕೆ ಕೊಡಿ. ಒಂದು ದಿನ ವಿಜ್ಞಾನ: ಮಣ್ಣು, ನೀರು, ಹಾಲು, ಪಂಪ್‌ಸೆಟ್ಟು, ದೇಹಾರೋಗ್ಯ. ಇನ್ನೊಂದು ದಿನ ಸಮಾಜ: ನಮ್ಮ ಸೀಮೆಯ ಚರಿತ್ರೆ, ಸಂವಿಧಾನ, ಸಹಕಾರ ಕಾಯ್ದೆ, ಲೆಕ್ಕಪತ್ರ. ಅರ್ಧ ಹೊತ್ತು ಪಾಠ, ಅರ್ಧ ಹೊತ್ತು ಚರ್ಚೆ. ಹೊತ್ತು ಯಾವುದು ಅಂತ ಮಾತ್ರ ಗಂಡಸರೇ ಕೂತು ತೀರ್ಮಾನ ಮಾಡಬೇಡಿ. ಸಂಜೆ ಆರು ಗಂಟೆ ಅಂದರೆ ತಾಯಂದಿರಿಗೆ ಹಾಲು ಕರೆಯುವ, ಒಲೆ ಹಚ್ಚುವ ಹೊತ್ತು. ಅವರನ್ನು ಕೇಳಿ ವೇಳೆ ಇಟ್ಟರೆ ಮಾತ್ರ ಅವರಿಗೆ ಬಾಗಿಲು ತೆರೆದಂತೆ.

1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ರೈತನಿಗೆ ಬೇಕಾಗಿದ್ದುದು ಬಡ್ಡಿಯಿಂದ ಬಿಡುಗಡೆ. ಆ ಕೆಲಸವನ್ನು ನಿಮ್ಮ ಸಂಘ ಇಪ್ಪತ್ತೈದು ವರ್ಷ ಮಾಡಿದೆ. ಇನ್ನು ಮುಂದಿನ ಇಪ್ಪತ್ತೈದು ವರ್ಷಕ್ಕೆ ಸಾಲದ ವಹಿಯ ಪಕ್ಕದಲ್ಲಿ ಒಂದು ಹಾಜರಿ ಪುಸ್ತಕವನ್ನೂ ಇಡಿ. ಪಾಠ ಹೇಳಲು ಬಸ್ ಚಾರ್ಜು ಕೇಳದೆ ಬರಲು ನಾವು ಸಿದ್ಧ. ನೀವು ದೀಪ ಹಾಕಿ, ಚಾಪೆ ಹಾಸಿ.